ಜನಸಂಖ್ಯೆಯೂ ಬೇಸಾಯವೂ

ಬೆಳೆಯು ಕಣಕ್ಕೆ ಬಂದೊಡನೆ ಎಷ್ಟು ಪಲ್ಲ ರಾಗಿಯಾಯಿತೆಂದು ಅಳೆದು ನೋಡದ ರೈತನಿಲ್ಲ. ಕೊಟ್ಟಿಗೆಯಲ್ಲಿರುವ ದನಗಳೆಷ್ಟು, ಈ ವರ್ಷ ಈದುವು ಎಷ್ಟು, ಸಂತೆಗೆ ಹೊಡೆದುವು ಎಷ್ಟು ಎಂಬುದನ್ನು ಆತನು ಬಾಯಲ್ಲಿಯೇ ಹೇಳಬಲ್ಲನು. ಆದರೆ ಹತ್ತು ವರ್ಷಗಳ ಹಿಂದೆ ಗ್ರಾಮದಲ್ಲಿ ಎಷ್ಟು ಜನರಿದ್ದರು, ಈಗ ಎಷ್ಟು ಜನರಿರುವರು, ಹುಟ್ಟಿದವರು ಎಷ್ಟು, ತೀರಿಹೋದವರು ಎಷ್ಟು, ಊರು ಬಿಟ್ಟವರು ಎಷ್ಟು ಎಂದು ಕೇಳಿದರೆ ಹಿರಿಯರಲ್ಲಿಯೂ ನೆಟ್ಟನೆಯ ಉತ್ತರವು ದೊರೆಯುವುದು ಅಪೂರ್ವ. ಬೇಸಾಯಕ್ಕೆ ನೆಲ, ನೀರು, ಗೊಬ್ಬರಗಳು ಎಷ್ಟು ಮುಖ್ಯವೋ ದುಡಿಯುವ ಕೈಗಳೂ ಉಣ್ಣುವ ಬಾಯಿಗಳೂ ಅಷ್ಟೇ ಮುಖ್ಯ. ಆದುದರಿಂದ ಜನರು ಎಲ್ಲಿ ನೆಲಸುವರು, ಹೇಗೆ ಹೆಚ್ಚುವರು, ಏಕೆ ಬೇರೆಡೆಗೆ ಹೋಗುವರು ಎಂಬ ಮೂರು ವಿಷಯಗಳನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ.

1. ಜನರು ನೆಲಸುವ ಬಗೆ

2011 ನೆಯ ಇಸವಿಯ ಖಾನೆಷುಮಾರಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಚದರ ಕಿಲೋಮೀಟರಿಗೆ ಸರಾಸರಿ 319 ಜನರಿದ್ದರು. ಆದರೆ ಸರಾಸರಿಯನ್ನು ನಂಬಿ ಎಲ್ಲೆಡೆಯಲ್ಲಿಯೂ ಜನರು ಸಮನಾಗಿ ಹರಡಿರುವರೆಂದು ತಿಳಿಯಬಾರದು. ಕೊಡಗಿನಲ್ಲಿ ಅಷ್ಟೇ ನೆಲದಲ್ಲಿ 135 ಮಂದಿ, ಉತ್ತರ ಕನ್ನಡದಲ್ಲಿ 140 ಮಂದಿ ಇದ್ದರೆ, ಬೆಂಗಳೂರು ನಗರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಜನರಿದ್ದರು.

ಮಳೆ ಹೆಚ್ಚಾಗಿರುವ ಕಡೆಯಲ್ಲಿಯೇ ಜನರೂ ಹೆಚ್ಚಾಗಿರುವರೆಂದು ಮೊದಲ ನೋಟಕ್ಕೆ ತೋರಬಹುದು. ಮಲೆನಾಡಿನ ಸ್ಥಿತಿಯು ಈ ಎಣಿಕೆಯನ್ನು ಸುಳ್ಳು ಮಾಡುವುದು. ಅಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಕಡಿದಾದ ಗುಡ್ಡ, ದಟ್ಟವಾದ ಕಾಡು, ಇಕ್ಕಟ್ಟಾದ ಕಣಿವೆಗಳ ನಡುವೆ ಉಳುವ ನೆಲವು ಸ್ವಲ್ಪ. ಹಿಂದಿನ ಕಾಲದಲ್ಲಿ ಇದರ ಮೇಲೆ ಚಳಿಜ್ವರದ ಕಾಟ. ಬಯಲುಸೀಮೆಯಲ್ಲಿ ಮಳೆ ಕಡಮೆಯಾದರೂ ಹಿರಿಯರು ಹಳ್ಳಕ್ಕೆ ಏರಿ ಹಾಕಿ ಕೆರೆ ಕಟ್ಟಿದರು. ಕೆರೆಯ ಕೆಳಗೆ ಗದ್ದೆ, ಗದ್ದೆಯ ಮಗ್ಗುಲಲ್ಲಿ ಊರು, ಊರ ಸುತ್ತ ಹೊಲ, ಅದರಾಚೆ ಗೋಮಾಳ, ಹೀಗೆ ಗ್ರಾಮಗಳು ಹುಟ್ಟಿದುವು. ಆಕಾಶದಿಂದ ಬಿದ್ದ ನೀರಿಗಿಂತ ನಿಲ್ಲಿಸಿಟ್ಟ ನೀರೇ ಜನರನ್ನು ಹಿಡಿದಿರಿಸಿತೆಂಬುದು ಇದರಿಂದ ತಿಳಿದುಬರುವುದು.

ಕೆರೆಯು ಒಡೆದರೆ ಊರೂ ಚದರುವುದು. ಕಂದಾಯದ ದಾಖಲೆಗಳಲ್ಲಿ 'ಬೇಚರಾಕ್' ಎಂದು ಬರೆದಿರುವ ಗ್ರಾಮಗಳನ್ನು ಅನೇಕರು ಕಂಡಿರುವರು. ದೀಪವಿಲ್ಲದ ಊರೆಂಬುದು ಆ ಮಾತಿನ ಅರ್ಥ. ಅಲ್ಲಿ ಸರ್ವೆ ನಂಬರುಗಳಿವೆ, ಎಲ್ಲೆಗಲ್ಲುಗಳಿವೆ, ಪಾಳು ಗುಡಿಯೊಂದು ಇರಬಹುದು; ಒಲೆ ಹಚ್ಚುವ ಮನೆ ಮಾತ್ರ ಇಲ್ಲ. ಪ್ರತಿಯೊಂದು ಬೇಚರಾಕ್ ಗ್ರಾಮವೂ ಒಂದು ಕಾಲಕ್ಕೆ ಜನರು ಬಾಳಿ ಬಿಟ್ಟ ನೆಲವಾಗಿರಬಹುದು.

2. ಹೆಚ್ಚುವಿಕೆಯ ಲೆಕ್ಕ

ಒಂದು ಗ್ರಾಮದ ಜನಸಂಖ್ಯೆಯು ನಾಲ್ಕು ದಾರಿಗಳಿಂದ ಮಾತ್ರ ಬದಲಾಗುವುದು. ಜನನದಿಂದಲೂ ಬಂದು ಸೇರುವವರಿಂದಲೂ ಸಂಖ್ಯೆಯು ಏರುವುದು. ಮರಣದಿಂದಲೂ ಬಿಟ್ಟು ಹೋಗುವವರಿಂದಲೂ ಇಳಿಯುವುದು. ಇದನ್ನು ಕೆರೆಯ ತೂಬು ಕೋಡಿಗಳಂತೆ ಭಾವಿಸಬಹುದು. ಒಳಗೆ ಬರುವ ನೀರಿಗೂ ಹೊರಗೆ ಹೋಗುವ ನೀರಿಗೂ ಇರುವ ವ್ಯತ್ಯಾಸದಂತೆ ಮಟ್ಟವು ಏರಿಳಿಯುವುದು.

ಸಾವಿರ ಜನರುಳ್ಳ ಒಂದು ಗ್ರಾಮವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. 1911 ರಿಂದ 1921 ರ ವರೆಗಿನ ದಶಕದಲ್ಲಿ ಭರತಖಂಡದಲ್ಲಿ ಸಾವಿರಕ್ಕೆ ವರ್ಷಕ್ಕೆ ಸುಮಾರು 48 ಜನನಗಳೂ 47 ಮರಣಗಳೂ ಆಗುತ್ತಿದ್ದುವೆಂದು ಅಂದಾಜು ಮಾಡಿರುವರು. ಈ ಪ್ರಮಾಣದಂತೆ ನಮ್ಮ ಗ್ರಾಮವು ಇಪ್ಪತ್ತು ವರ್ಷ ಕಳೆದರೂ 1,020 ನ್ನು ದಾಟುವುದಿಲ್ಲ. ತೊಟ್ಟಿಲುಗಳು ತುಂಬಿದ್ದುವು, ಆದರೆ ತುಂಬಿದಷ್ಟೇ ಬೇಗನೆ ಬರಿದಾಗುತ್ತಿದ್ದುವು. 2020 ರ ಸುಮಾರಿನಲ್ಲಿ ಕರ್ನಾಟಕದ ಜನನ ಪ್ರಮಾಣವು ಸಾವಿರಕ್ಕೆ 17 ರ ಹತ್ತಿರಕ್ಕೂ ಮರಣ ಪ್ರಮಾಣವು 6 ರ ಹತ್ತಿರಕ್ಕೂ ಇಳಿದಿದ್ದುವು. ಈ ಪ್ರಮಾಣದಲ್ಲಿ ಅದೇ ಗ್ರಾಮವು ಇಪ್ಪತ್ತು ವರ್ಷಗಳಲ್ಲಿ ಸುಮಾರು 1,245 ಆಗುವುದು. ಹುಟ್ಟುವವರು ಕಡಮೆಯಾದರೂ ಬದುಕುವವರು ಹೆಚ್ಚಾದುದೇ ಇದಕ್ಕೆ ಕಾರಣ.

ಇನ್ನು ಈ ಗ್ರಾಮದಿಂದ ವರ್ಷಕ್ಕೆ 15 ಮಂದಿ ಪಟ್ಟಣಕ್ಕೆ ಹೊರಟುಹೋಗುವರೆಂದು ಇಟ್ಟುಕೊಳ್ಳೋಣ. ಆಗ ಹೆಚ್ಚಳವು ಮಾಯವಾಗಿ, ಇಪ್ಪತ್ತು ವರ್ಷಗಳ ಕೊನೆಗೆ ಸುಮಾರು 910 ಜನರು ಉಳಿಯುವರು. ಹೋಗುವವರು ಬಹುಮಟ್ಟಿಗೆ ಪ್ರಾಯದವರಾದುದರಿಂದ ಉಳಿದ ಗ್ರಾಮದಲ್ಲಿ ಜನನವೂ ಕುಗ್ಗಿ, ಸಂಖ್ಯೆಯು ಇನ್ನೂ ಕೆಳಗಿಳಿಯುವುದು.

ವೃದ್ಧಿಯನ್ನು ಅಳೆಯುವುದಕ್ಕೆ ಸುಲಭವಾದ ಸೂತ್ರವೊಂದುಂಟು. ನೂರಕ್ಕೆ ಎಷ್ಟರಂತೆ ವರ್ಷ ವರ್ಷವೂ ಹೆಚ್ಚುವುದೋ ಆ ಅಂಕಿಯಿಂದ 70 ನ್ನು ಭಾಗಿಸಿದರೆ, ಎಷ್ಟು ವರ್ಷಗಳಲ್ಲಿ ಸಂಖ್ಯೆಯು ಇಮ್ಮಡಿಯಾಗುವುದೆಂಬುದು ಸ್ಥೂಲವಾಗಿ ತಿಳಿಯುವುದು. ನೂರಕ್ಕೆ ಒಂದರಂತೆ ಬೆಳೆದರೆ 70 ವರ್ಷ. ಎರಡರಂತೆ ಬೆಳೆದರೆ 35 ವರ್ಷ. 1971 ರಿಂದ 1981 ರ ವರೆಗೆ ಕರ್ನಾಟಕದ ಜನರು ನೂರಕ್ಕೆ ಸುಮಾರು 27 ರಷ್ಟು ಹೆಚ್ಚಿದರು. ಆ ವೇಗವೇ ನಿಂತಿದ್ದರೆ ಮೂವತ್ತು ವರ್ಷಗಳೊಳಗೆ ನಾಡಿನ ಜನರು ಇಮ್ಮಡಿಯಾಗುತ್ತಿದ್ದರು. 2001 ರಿಂದ 2011 ರ ವರೆಗಿನ ದಶಕದಲ್ಲಿ ಹೆಚ್ಚಳವು ನೂರಕ್ಕೆ 15.6 ಕ್ಕೆ ಇಳಿಯಿತು.

2019–21 ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳೆಂದು ಕಂಡುಬಂದಿತು. ತಂದೆತಾಯಿಗಳ ಸ್ಥಾನವನ್ನು ತುಂಬಲು ಎರಡಕ್ಕೆ ತುಸು ಹೆಚ್ಚು ಬೇಕು. ಹಾಗಿದ್ದರೂ ಸಂಖ್ಯೆಯು ಒಡನೆಯೇ ಇಳಿಯುವುದಿಲ್ಲ. ಹಿಂದೆ ನೆಟ್ಟ ಮಾವಿನ ಸಸಿಗಳೆಲ್ಲವೂ ಈಗ ಫಲಕ್ಕೆ ಬಂದಿರುವಾಗ, ಈ ವರ್ಷ ಸಸಿಗಳನ್ನು ಕಡಮೆ ನೆಟ್ಟ ಮಾತ್ರಕ್ಕೆ ತೋಪಿನ ಫಸಲು ಕುಗ್ಗದು. ಅದರಂತೆಯೇ ಹಿಂದಿನ ದಶಕಗಳಲ್ಲಿ ಹುಟ್ಟಿದವರು ಪ್ರಾಯಕ್ಕೆ ಬಂದಿರುವ ತನಕ ಜನರು ಕೆಲಕಾಲ ಹೆಚ್ಚುತ್ತಲೇ ಇರುವರು. ಅನಂತರ ವೃದ್ಧರ ಪಾಲು ಬೆಳೆಯುವುದು.

3. ಕ್ಷಾಮವೂ ರೋಗವೂ

ಹಿಂದೆ ಜನಸಂಖ್ಯೆಯನ್ನು ತಡೆದು ನಿಲ್ಲಿಸಿದುವು ಯಾವುವೆಂಬುದನ್ನು ಮೈಸೂರು ಸೀಮೆಯ ಅಂಕಿಗಳೇ ಹೇಳುವುವು. 1871 ರ ಖಾನೆಷುಮಾರಿಯಲ್ಲಿ ಮೈಸೂರಿನ ಜನರು 50,55,412. ಹತ್ತು ವರ್ಷಗಳ ಬಳಿಕ 1881 ರಲ್ಲಿ ಎಣಿಸಿದಾಗ 41,86,188. ಹೆಚ್ಚಬೇಕಾಗಿದ್ದ ಕಡೆಯಲ್ಲಿ ಎಂಟು ಲಕ್ಷ ಅರವತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನರು ಕಡಮೆಯಾಗಿದ್ದರು. ನಡುವೆ ಬಂದುದು 1876–78 ರ ಮಹಾಕ್ಷಾಮ. ಮಳೆ ಎರಡು ವರ್ಷ ಕೈಕೊಟ್ಟಿತು, ಕೆರೆಗಳು ಒಣಗಿದುವು, ಮೊದಲು ದನಗಳು, ಅನಂತರ ಜನರು ಸತ್ತರು. 1891 ರಲ್ಲಿಯೂ ಮೈಸೂರು 49,43,604 ನ್ನು ಮಾತ್ರ ಮುಟ್ಟಿ, 1901 ರಲ್ಲಿ 55,39,399 ಆಯಿತು. ಎಂದರೆ ಎರಡು ವರ್ಷಗಳ ಕ್ಷಾಮವು ನುಂಗಿದುದನ್ನು ತುಂಬಿಕೊಳ್ಳಲು ನಾಡಿಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

1898 ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. 1918 ರಲ್ಲಿ ಇನ್‌ಫ್ಲುಯೆಂಜಾ ಜ್ವರವು ದೇಶವನ್ನೆಲ್ಲಾ ಆವರಿಸಿ ಒಂದು ಕೋಟಿಗೂ ಮೇಲ್ಪಟ್ಟು ಜನರನ್ನು ಕೊಂದಿತು. ಇಂದಿನ ಕರ್ನಾಟಕದ ಎಲ್ಲೆಯನ್ನು ಹಿಡಿದು ಲೆಕ್ಕ ಹಾಕಿದರೆ, 1911 ರಲ್ಲಿ ಸುಮಾರು 135 ಲಕ್ಷವಾಗಿದ್ದ ಜನರು 1921 ರಲ್ಲಿ 134 ಲಕ್ಷಕ್ಕೆ ಇಳಿದಿದ್ದರು. ಮಲೆನಾಡಿನಲ್ಲಿ ಮಲೇರಿಯಾ ಜ್ವರವು ಸದ್ದಿಲ್ಲದೆ ಇದೇ ಕೆಲಸವನ್ನು ಮಾಡುತ್ತಿತ್ತು. ಕಡೂರು ಜಿಲ್ಲೆಯಲ್ಲಿ 1901 ರಲ್ಲಿ ಇದ್ದುದಕ್ಕಿಂತ 1921 ರಲ್ಲಿ ಜನರು ಕಡಮೆಯಾಗಿದ್ದರು. ಜ್ವರಗಡ್ಡೆಯಿಂದ ಬಳಲುವ ಆಳು ಕಳೆಯನ್ನಾಗಲಿ ಕೊಯ್ಲನ್ನಾಗಲಿ ಮಾಡಲಾರನು. ಗದ್ದೆಯು ಬೀಳು ಬೀಳುವುದು.

1953 ರಲ್ಲಿ ದೇಶವ್ಯಾಪಿಯಾಗಿ ಮಲೇರಿಯಾ ನಿಯಂತ್ರಣ ಕಾರ್ಯವು ಪ್ರಾರಂಭವಾಗಿ, ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸಲ್ಪಟ್ಟಿತು. ದೇವಿ ಹಾಕುವುದು, ಶುದ್ಧವಾದ ಕುಡಿಯುವ ನೀರು, ಹೆರಿಗೆ ಆಸ್ಪತ್ರೆ, ಕ್ಷಾಮಕಾಲಕ್ಕೆ ಧಾನ್ಯವನ್ನು ಸಾಗಿಸುವ ರೈಲು ಮತ್ತು ರಸ್ತೆ ಇವೆಲ್ಲವೂ ಸೇರಿ ಮರಣವನ್ನು ಹಿಮ್ಮೆಟ್ಟಿಸಿದುವು. 1951 ರಲ್ಲಿ 194 ಲಕ್ಷವಾಗಿದ್ದ ಕರ್ನಾಟಕದ ಜನರು 2011 ರಲ್ಲಿ 611 ಲಕ್ಷವಾದರು.

4. ಬಾಯಿ ಹೆಚ್ಚಿತು, ನೆಲ ಹೆಚ್ಚಲಿಲ್ಲ

ಜನರು ಮೂರು ಪಾಲಿಗೂ ಮಿಕ್ಕಿ ಬೆಳೆದರು. ನೆಲವು ಇದ್ದಷ್ಟೇ ಇರುವುದು. 1970–71 ರ ಕೃಷಿ ಗಣತಿಯಲ್ಲಿ ಕರ್ನಾಟಕದ ಹಿಡುವಳಿಗಳು 35.5 ಲಕ್ಷ, ಸರಾಸರಿ ಹಿಡುವಳಿಯು 3.20 ಹೆಕ್ಟೇರು, ಎಂದರೆ 7 ಎಕರೆ 36 ಗುಂಟೆ. 2015–16 ರಲ್ಲಿ ಹಿಡುವಳಿಗಳು 86.8 ಲಕ್ಷ, ಸರಾಸರಿಯು 1.36 ಹೆಕ್ಟೇರು, ಎಂದರೆ 3 ಎಕರೆ 14 ಗುಂಟೆ. ಹಿಡುವಳಿಯ ಒಟ್ಟು ವಿಸ್ತೀರ್ಣದಲ್ಲಿ ಹೆಚ್ಚಿನ ಭೇದವಿಲ್ಲ. ಅದನ್ನು ಹಂಚಿಕೊಂಡವರು ಮಾತ್ರ ಹೆಚ್ಚಾದರು.

ಇದು ಮನೆಯಲ್ಲಿ ನಡೆಯುವ ರೀತಿಯನ್ನು ನೋಡೋಣ. ಒಬ್ಬ ರೈತನಿಗೆ ತರಿ, ಖುಷ್ಕಿ, ಬಾಗಾಯ್ತು ಸೇರಿ ಮೂರು ಕಡೆಗಳಲ್ಲಿ 24 ಎಕರೆ ಜಮೀನಿದೆ ಎನ್ನೋಣ. ಮೂವರು ಮಕ್ಕಳು ಭಾಗವಾದರೆ ತಲೆಗೆ 8 ಎಕರೆ. ಅವರಿಗೆ ಮೂವರಂತೆ ಮಕ್ಕಳಾಗಿ ಅವರೂ ಭಾಗವಾದರೆ ತಲೆಗೆ ಸುಮಾರು 2 ಎಕರೆ 27 ಗುಂಟೆ. ಅದೂ ಒಂದೆಡೆಯಲ್ಲಿ ಇರುವುದಿಲ್ಲ. ಮೂರು ಜಮೀನುಗಳನ್ನೂ ಒಂಬತ್ತೊಂಬತ್ತಾಗಿ ಸೀಳಿ, ಮೂರು ಪಟ್ಟೆಗಳು ಇಪ್ಪತ್ತೇಳಾಗುವುವು. ಬದುಗಳು ಹೆಚ್ಚುವುವು, ನೇಗಿಲು ತಿರುಗುವ ಸ್ಥಳವು ಕಡಮೆಯಾಗುವುದು, ಒಂದು ಬಾವಿಗೆ ಒಂಬತ್ತು ಸರದಿಗಳು, ಎಲ್ಲೆಯ ಜಗಳಕ್ಕೆ ಕಚೇರಿಯ ಖರ್ಚು. ಅಜ್ಜನ ಕಾಲದಲ್ಲಿ ಒಂದು ಕುಟುಂಬವನ್ನು ಸುಖವಾಗಿ ಸಾಕಿದ ನೆಲವು ಮೊಮ್ಮಕ್ಕಳ ಕಾಲಕ್ಕೆ ಒಂಬತ್ತು ಕುಟುಂಬಗಳನ್ನು ಅರೆಹೊಟ್ಟೆಯಲ್ಲಿ ಇರಿಸುವುದು.

ಬೇಸಾಯದ ಸುಧಾರಣೆಯು ಈ ಭಾರವನ್ನು ಬಹಳ ಮಟ್ಟಿಗೆ ಹೊತ್ತಿತೆಂಬುದನ್ನೂ ಹೇಳಬೇಕು. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ತೆಗೆದ ಇಂಡಾಫ್ ತಳಿಗಳೂ, 1960 ರ ದಶಕದಿಂದ ಬಂದ ಗಿಡ್ಡ ಬತ್ತದ ತಳಿಗಳೂ ಎಕರೆಯ ಇಳುವರಿಯನ್ನು ಏರಿಸಿದುವು. ಹಾಗಿಲ್ಲದಿದ್ದರೆ ಇಷ್ಟು ಜನರಿಗೆ ಅನ್ನವೇ ಇರುತ್ತಿರಲಿಲ್ಲ. ಆದರೆ ತಳಿಯು ಪಟ್ಟೆಯನ್ನು ಅಗಲ ಮಾಡಲಾರದು.

5. ಜನರು ಹೊರಡುವ ದಾರಿಗಳು

ನೆಲವು ಸಾಲದಾದಾಗ ಜನರು ಹೊರಡುವರು. ಹೊರಡುವವರೆಲ್ಲರೂ ಒಂದೇ ಬಗೆಯವರಲ್ಲ.

ನೀರನ್ನು ಅರಸಿ ಹೋಗುವವರು ಒಂದು ಬಗೆ. ತುಂಗಭದ್ರಾ ಜಲಾಶಯದ ನಾಲೆಗಳಿಗೆ 1953 ರಲ್ಲಿ ನೀರು ಬಿಟ್ಟ ಮೇಲೆ ಆಂಧ್ರದ ಕರಾವಳಿಯ ರೈತರು ಸಿಂಧನೂರು, ಗಂಗಾವತಿ ಮೊದಲಾದ ತಾಲ್ಲೂಕುಗಳಿಗೆ ಬಂದರು. ಬತ್ತದ ಬೇಸಾಯವನ್ನು ತಲೆಮಾರುಗಳಿಂದ ಬಲ್ಲ ಅವರು ಎರೆಭೂಮಿಯನ್ನು ಅಗ್ಗವಾಗಿ ಕೊಂಡು, ಮಟ್ಟ ಮಾಡಿ, ಗದ್ದೆಗಳನ್ನು ಕಟ್ಟಿ, 'ಕ್ಯಾಂಪು'ಗಳೆಂಬ ಹೊಸ ಊರುಗಳನ್ನು ಹೂಡಿದರು. ಜೋಳ ಹತ್ತಿಗಳನ್ನು ಮಾತ್ರ ಬಲ್ಲ ಸ್ಥಳದವರಲ್ಲಿ ಹಲವರು, ಬರುವ ನೀರಿನ ಬೆಲೆಯನ್ನು ಅರಿಯದೆ ಜಮೀನನ್ನು ಮಾರಿ, ಅದೇ ಜಮೀನಿನಲ್ಲಿ ಕೂಲಿಗೆ ನಿಂತರು. ಬಂದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರು ಶ್ರಮಪಟ್ಟು ಬೆಳೆದರು. ನೀರು ಬರುವ ಮೊದಲೇ ನೀರಾವರಿ ಬೇಸಾಯವನ್ನು ಕಲಿಯದ ಗ್ರಾಮವು ತನ್ನ ನೆಲವನ್ನು ಕಳೆದುಕೊಳ್ಳುವುದೆಂಬುದೇ ಇಲ್ಲಿಯ ಪಾಠ.

ಕೂಲಿಯನ್ನು ಅರಸಿ ಹೋಗುವವರು ಮತ್ತೊಂದು ಬಗೆ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಆಳುಗಳು ಘಟ್ಟದ ಕಾಫಿ ತೋಟಗಳಿಗೆ ಹೋಗಿ ಕೊಯ್ಲು ಮುಗಿದೊಡನೆ ಹಿಂದಿರುಗುತ್ತಿದ್ದರು. ಕೋಲಾರದ ಚಿನ್ನದ ಗಣಿಗಳು ತಮಿಳು ಸೀಮೆಯಿಂದ ಸಾವಿರಾರು ಕುಟುಂಬಗಳನ್ನು ಎಳೆದು ಒಂದು ಪಟ್ಟಣವನ್ನೇ ನಿರ್ಮಿಸಿದುವು. 2001 ರಲ್ಲಿ ಗಣಿಗಳು ಮುಚ್ಚಿದೊಡನೆ ಆ ಪಟ್ಟಣದ ಜನರು ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕಾಯಿತು.

ಹೊಟ್ಟೆಯ ಕಷ್ಟದಿಂದ ಹೋಗುವುದು ಮೂರನೆಯ ಬಗೆ. ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿ ಸೀಮೆಗಳಲ್ಲಿ ಇದನ್ನು 'ಗುಳೆ' ಎಂದು ಕರೆಯುವರು. ಹಿಂಗಾರು ಕೈಕೊಟ್ಟಾಗ, ಹೊಲದಲ್ಲಿ ಕೆಲಸವು ತೀರಿದಾಗ, ಗಂಡ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು, ಮನೆಗೆ ಬೀಗ ಹಾಕಿ, ಬೆಂಗಳೂರು, ಪುಣೆ, ಮುಂಬಯಿ, ಗೋವೆಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುವರು. ಉಳಿದ ಮುದುಕರು ಬಾಗಿಲು ಕಾಯುವರು. ಮಕ್ಕಳ ವಿದ್ಯೆಯು ನಡುವಿನಲ್ಲಿಯೇ ನಿಲ್ಲುವುದು. 2020 ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ಕಾರಣ ಪಟ್ಟಣಗಳ ಕೆಲಸವೆಲ್ಲವೂ ಒಮ್ಮೆಗೇ ನಿಂತಾಗ, ಇಂಥವರು ಗುಂಪುಗುಂಪಾಗಿ, ಕೆಲವರು ಕಾಲ್ನಡಿಗೆಯಿಂದ, ತಮ್ಮ ಊರುಗಳಿಗೆ ಹಿಂದಿರುಗಿದರು. ಆಪತ್ತಿನಲ್ಲಿ ಅವರಿಗೆ ನೆನಪಾದುದು ಹುಟ್ಟಿದ ಗ್ರಾಮವೇ.

6. ಮಂಡ್ಯದ ಪಾಠ

ಜನರನ್ನು ಸೆಳೆಯುವುದೂ ಕಳೆದುಕೊಳ್ಳುವುದೂ ಒಂದೇ ಸ್ಥಳದಲ್ಲಿ ನಡೆಯಬಹುದೆಂಬುದಕ್ಕೆ ಮಂಡ್ಯದ ಸೀಮೆಯು ಉತ್ತಮ ಉದಾಹರಣೆ. 1911 ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಪೂರ್ಣವಾಗಿ, ಆಗ ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯಲ್ಲಿ 1930 ರ ದಶಕದಲ್ಲಿ ನೀರು ಹರಿಯಿತು. ಬೇಸಾಯದ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಡಾ. ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1933 ರಲ್ಲಿ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾಯಿತು. ರಾಗಿ ಹುರುಳಿಗಳ ಹೊಲಗಳು ಕಬ್ಬು ಬತ್ತಗಳ ಗದ್ದೆಗಳಾದುವು. ನಾಲೆಯೊಡನೆ ಮಲೇರಿಯಾ ಜ್ವರವು ಬಂದರೂ ಜನರು ಹಿಂಜರಿಯಲಿಲ್ಲ. ಸಣ್ಣ ಊರಾಗಿದ್ದ ಮಂಡ್ಯವು 1939 ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾಯಿತು.

1950 ರ ದಶಕದ ನಡುವಿನಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು ಈ ಸೀಮೆಯ ಎರಡು ಗ್ರಾಮಗಳಲ್ಲಿ ಇದ್ದು, ಅವುಗಳಿಗೆ ಬೇರೆ ಹೆಸರುಗಳನ್ನು ಇಟ್ಟು, 1962 ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಒಂದು ಗ್ರಾಮಕ್ಕೆ ನಾಲೆಯ ನೀರು ಹರಿದಿತ್ತು. ಮತ್ತೊಂದು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದಿತ್ತು. ನೀರು ಬಂದ ಗ್ರಾಮದವರು ತಮ್ಮ ಗದ್ದೆಗಳಲ್ಲಿಯೇ ಮಗ್ನರಾಗಿ ಹಳೆಯ ರೀತಿನೀತಿಗಳನ್ನು ಹಿಡಿದು ಇದ್ದರು. ನೀರು ಬಾರದವರು ಕೈಕಟ್ಟಿ ಕೂಡಲಿಲ್ಲ. ಬಂಡಿಯ ಬಾಡಿಗೆ, ವ್ಯಾಪಾರ, ಪಟ್ಟಣದ ನೌಕರಿಗಳನ್ನು ಹಿಡಿದರು. ಪಕ್ಕದ ಗ್ರಾಮಗಳಲ್ಲಿ ನೀರಾವರಿ ಜಮೀನನ್ನೂ ಕೊಂಡರು. ಕೊರತೆಯೇ ಅವರಿಗೆ ಹೊರಗಿನ ದಾರಿಯನ್ನು ತೋರಿಸಿತು.

ಆದರೆ ನೀರಿದ್ದ ಗ್ರಾಮಗಳೂ ಕೊನೆಯ ತನಕ ಜನರನ್ನು ಹಿಡಿದಿಡಲಾರದೆ ಹೋದುವು. 2001 ರಿಂದ 2011 ರ ವರೆಗೆ ಕರ್ನಾಟಕವು ನೂರಕ್ಕೆ 15.6 ರಷ್ಟು ಹೆಚ್ಚಿದರೆ, ಮಂಡ್ಯ ಜಿಲ್ಲೆಯು 17,63,705 ರಿಂದ 18,05,769 ಕ್ಕೆ, ಎಂದರೆ ನೂರಕ್ಕೆ ಎರಡೂವರೆಗಿಂತ ಕಡಮೆಯಾಗಿ ಹೆಚ್ಚಿತು. ಕಾಫಿಯ ಸೀಮೆಯಾದ ಚಿಕ್ಕಮಗಳೂರಿನಲ್ಲಿ ಜನರು 11,40,905 ರಿಂದ 11,37,961 ಕ್ಕೆ ಇಳಿದೇ ಹೋದರು. ಇದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯು 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. 2023 ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ರೈತ ಯುವಕರು, ತಮಗೆ ಹೆಣ್ಣು ಕೊಡುವವರಿಲ್ಲವೆಂದು ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಇದನ್ನು ನಗೆಯ ಮಾತೆಂದು ಕೆಲವರು ತಳ್ಳಿಹಾಕಿರಬಹುದು. ನೀರು, ಗದ್ದೆ, ಕಾರ್ಖಾನೆಗಳೆಲ್ಲವೂ ಇರುವ ನಾಡಿನಲ್ಲಿ ಬೇಸಾಯಗಾರನ ಮನೆಗೆ ಹೆಣ್ಣು ಬಾರದಿದ್ದರೆ ಮುಂದಿನ ತಲೆಮಾರಿನಲ್ಲಿ ಆ ಗದ್ದೆಗಳನ್ನು ಉಳುವವರು ಯಾರು? 2011 ರಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ 1,000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು ಮಾತ್ರ ಇದ್ದರೆಂಬುದನ್ನು ಇದರೊಡನೆ ಸೇರಿಸಿ ಓದಬೇಕು. ಹೆಣ್ಣು ಮಗುವನ್ನು ಬೇಡವೆಂದ ಮನೆಗಳೇ ಸೊಸೆಯನ್ನು ಹುಡುಕಿ ಅಲೆಯಬೇಕಾಗುವುದು.

7. ಗ್ರಾಮದ ಮುಖಂಡರು ಮಾಡತಕ್ಕುದು

ಹೋಗುವವರನ್ನು ಅಡ್ಡಗಟ್ಟಿ ನಿಲ್ಲಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಪಟ್ಟಣದಿಂದ ಮಗನು ಕಳುಹಿಸುವ ಹಣದಿಂದಲೇ ಎಷ್ಟೋ ಮನೆಗಳಲ್ಲಿ ಬಾವಿ ತೋಡಿರುವರು, ಸಾಲ ತೀರಿಸಿರುವರು. ಇಷ್ಟಪಟ್ಟು ಹೋಗುವುದಕ್ಕೂ ಗತಿಯಿಲ್ಲದೆ ಹೋಗುವುದಕ್ಕೂ ಇರುವ ಅಂತರವನ್ನು ಕಾಣುವುದೇ ಗ್ರಾಮದ ಮುಖಂಡರ ವಿವೇಕ. ಅದಕ್ಕೆ ಈ ಕೆಳಗಿನ ಕ್ರಮಗಳು ಸಹಾಯಕವಾಗುವುವು.

(1) ಗ್ರಾಮದ ಲೆಕ್ಕ: ಪ್ರತಿ ಯುಗಾದಿಯಲ್ಲಿಯೂ ಮನೆಗಳು, ಜನರು, ಹುಟ್ಟಿದವರು, ತೀರಿದವರು, ಬಂದವರು, ಹೋದವರು, ಬೀಳುಬಿದ್ದ ಎಕರೆಗಳು ಎಂದು ಏಳು ಕಲಮುಗಳ ಪುಸ್ತಕವೊಂದನ್ನು ಬರೆದಿಡಬೇಕು. ದೇಶದ ಖಾನೆಷುಮಾರಿಯು ಹತ್ತು ವರ್ಷಕ್ಕೊಮ್ಮೆ ನಡೆಯತಕ್ಕದ್ದು; 2021 ರಲ್ಲಿ ನಡೆಯಬೇಕಾಗಿದ್ದುದು ಆಗ ನಡೆಯಲಿಲ್ಲ. ಗ್ರಾಮವು ಅಷ್ಟು ಕಾಲ ಕಾಯಲಾರದು. ಜನನ ಮರಣಗಳನ್ನು 21 ದಿವಸಗಳೊಳಗೆ ನೋಂದಾಯಿಸುವಂತೆ ನೋಡಿಕೊಳ್ಳಬೇಕು.

(2) ಭಾಗದ ಕ್ರಮ: ಅಣ್ಣತಮ್ಮಂದಿರು ಒಲೆಯನ್ನು ಬೇರೆ ಮಾಡಿಕೊಂಡರೂ ಬಾವಿ, ಪಂಪು, ಕಣ, ಉಳುಮೆಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಬುದ್ಧಿ ಹೇಳಬೇಕು. ಎಲ್ಲ ಜಮೀನನ್ನೂ ಸೀಳುವುದಕ್ಕೆ ಬದಲಾಗಿ, ಬೆಲೆ ಕಟ್ಟಿ, ಒಬ್ಬೊಬ್ಬರು ಒಂದೊಂದು ಕಡೆಯನ್ನು ತೆಗೆದುಕೊಳ್ಳುವುದು ಮೇಲು.

(3) ಬೀಳು ಜಮೀನು: ಭೂಸುಧಾರಣಾ ಶಾಸನದ ತಿದ್ದುಪಡಿಯಂತೆ 1974 ರ ಮಾರ್ಚಿ 1 ರಿಂದ ಗೇಣಿಯು ನಿಷಿದ್ಧವಾದುದರಿಂದ, ಊರು ಬಿಟ್ಟವರು ಜಮೀನನ್ನು ಹಾಗೆಯೇ ಬಿಡುವುದುಂಟು. ಅಂಥ ನೆಲದಲ್ಲಿ ಹೊಂಗೆ, ಹುಣಿಸೆ, ಮಾವು, ಬೇವುಗಳನ್ನು ನೆಡಿಸಿದರೆ ಮಣ್ಣೂ ಉಳಿಯುವುದು, ಒಡೆಯನಿಗೆ ಫಲವೂ ದೊರೆಯುವುದು.

(4) ಬೇಸಗೆಯ ಕೆಲಸ: ಗುಳೆಯು ಹೊರಡುವುದು ಕೆಲಸವಿಲ್ಲದ ತಿಂಗಳುಗಳಲ್ಲಿ. ಕೆರೆಯ ಹೂಳು ತೆಗೆಯುವುದು, ಬದು ಹಾಕುವುದು, ಕಾಲುವೆಗಳ ರಿಪೇರಿ ಮುಂತಾದುವನ್ನು ಆ ತಿಂಗಳುಗಳಿಗೆ ಗೊತ್ತುಮಾಡಬೇಕು. ಎರಡು ಹಸುಗಳ ಹಾಲೂ, ಸುಮಾರು ನಾಲ್ಕು ವಾರಗಳಲ್ಲಿ ಗೂಡು ಕಟ್ಟುವ ರೇಷ್ಮೆಹುಳುವೂ ಸಣ್ಣ ಹಿಡುವಳಿಯವನಿಗೆ ಕೈಯಲ್ಲಿ ಕಾಸು ಇರುವಂತೆ ಮಾಡುವುವು.

(5) ಬಂದವರ ವಿಚಾರ: ಕೊಯ್ಲಿಗೆ ಹೊರಗಿನಿಂದ ಬರುವ ಆಳುಗಳಿಗೆ ಸೂರು, ಕುಡಿಯುವ ನೀರು, ಸರಿಯಾದ ಕೂಲಿ, ಮಕ್ಕಳಿಗೆ ಪಾಠಶಾಲೆ ಇವುಗಳನ್ನು ಜಮೀನುದಾರರು ಒದಗಿಸಬೇಕು. ಈ ಗ್ರಾಮದಿಂದ ಹೋದವರಿಗೆ ಬೇರೆಡೆಯಲ್ಲಿ ಯಾವ ಮರ್ಯಾದೆಯನ್ನು ಬಯಸುವರೋ ಅದನ್ನೇ ಇಲ್ಲಿಗೆ ಬಂದವರಿಗೂ ತೋರಿಸತಕ್ಕದ್ದು.

ನೆಲವನ್ನು ಹಿರಿಯರು ಬಿಟ್ಟುಹೋಗಿರುವರು. ಅದನ್ನು ಉಳುವವರನ್ನು ಈ ತಲೆಮಾರಿನವರೇ ಉಳಿಸಿಕೊಳ್ಳಬೇಕು. ಕೆರೆಯ ಮಟ್ಟವನ್ನು ನೋಡಿ ಬಿತ್ತನೆಯನ್ನು ನಿರ್ಧರಿಸುವ ರೈತನು ಊರಿನ ಜನರ ಮಟ್ಟವನ್ನೂ ವರ್ಷಕ್ಕೊಮ್ಮೆ ನೋಡುವುದನ್ನು ಕಲಿತರೆ, ಯಾವ ಮನೆಯ ದೀಪವು ಆರುವ ಹಾಗಿದೆಯೆಂಬುದು ಮೊದಲೇ ತಿಳಿಯುವುದು. ತಿಳಿದ ಮೇಲೆ ಎಣ್ಣೆ ಹಾಕಲು ಸಮಯವಿರುವುದು.